ನಾಲ್ಕು ತೋಳಿನ ಅಂಗಿ

ಜನವರಿ ೧೮

ಮಾವನವರಿಗೆ ನಮಸ್ಕಾರಗಳು.

ನಿಮ್ಮನ್ನು ಹೀಗೆ ಕರೆಯಬಹುದೋ ಇಲ್ಲವೋ ಗೊತ್ತಿಲ್ಲ. ನಿಮ್ಮ ಮಗಳನ್ನು ಮದುವೆಯಾಗಿ ಮೂರು ವರ್ಷವಾದರೂ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ಬೇರೆ ಏನೆಂದು ಬರೆಯಬೇಕೋ ತೋಚಲಿಲ್ಲ. ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನೀವು ಕಳಿಸಿದ ಮರದ ಪೆಟ್ಟಿಗೆ ಹೋದ ವಾರ ತಲುಪಿತು. ಒಳಗೆ ಒಂದು ಚೀಟಿಯೂ ಇರಲಿಲ್ಲ. ಆದರೆ ಮುಚ್ಚಳ ತೆಗೆದ ಕೂಡಲೇ ಇವಳು "ಅಪ್ಪನ ಕೈ" ಅಂದಳು. ನಾನು ದರ್ಜಿ. ನನ್ನ ಕಣ್ಣಿಗೆ ಅದು ನಾಲ್ಕು ತೋಳಿನ ಅಂಗಿಯ ಹಾಗೆ ಕಂಡಿತು. ಇದರ ಹೆಸರು ಇನ್‌ಟೇಕ್ ಮ್ಯಾನಿಫೋಲ್ಡ್, ಇಂಜಿನ್ನಿನ ನಾಲ್ಕು ಸಿಲಿಂಡರಿಗೂ ಗಾಳಿ ಹಂಚುವುದು ಇದರ ಕೆಲಸ, ಕಂಪನಿಯವರು ಹಾಕಿದ್ದನ್ನು ಬಿಚ್ಚಿ ಇದನ್ನು ಕೂರಿಸಿದರೆ ಗಾಡಿಯ ಸ್ವಭಾವವೇ ಬದಲಾಗುತ್ತದೆ ಎಂದು ಇವಳೇ ಹೇಳಿಕೊಟ್ಟಳು. ನಮ್ಮ ಹಿತ್ತಲ ಷೆಡ್ಡಿನಲ್ಲಿ ಇವಳು ಕೊಂಡು ತಂದ ಹಳೆಯ ರೇಸ್ ಕಾರು ನಿಂತಿರುವುದು ನಿಮಗೆ ಹೇಗೆ ಗೊತ್ತಾಯಿತೋ ಕಾಣೆ.

ನಿಮ್ಮಿಬ್ಬರ ನಡುವೆ ನಡೆದದ್ದರಲ್ಲಿ ನನಗೆ ಗೊತ್ತಿರುವುದು ಇಷ್ಟೇ. ಗುಡ್ಡದ ರೇಸಿನಲ್ಲಿ ನೀವು ಕಟ್ಟಿದ ಇಂಜಿನ್ ಇವಳ ಕೈಯಲ್ಲಿ ಒಡೆಯಿತು. ಎಲ್ಲರೆದುರು ನೀವು "ನಿನಗೆ ಕಿವಿಯೇ ಇಲ್ಲ" ಅಂದಿರಿ. ಇವಳು ರೇಸಿನ ಬಟ್ಟೆಯಲ್ಲೇ ಬಸ್ಸು ಹತ್ತಿದಳು. ಆ ಬಟ್ಟೆಯ ಹರಿದ ತೋಳು ಹೊಲಿಸಲು ನನ್ನ ಅಂಗಡಿಗೆ ಬಂದಳು. ಅದಕ್ಕಿಂತ ಹಿಂದಿನದನ್ನು ಇವಳು ಹೇಳಿಲ್ಲ, ನಾನೂ ಕೇಳಿಲ್ಲ.

ಪೆಟ್ಟಿಗೆಗೆ ಧನ್ಯವಾದ ಹೇಳಬೇಕು ಅನ್ನಿಸಿತು. ಫೋನ್ ಮಾಡೋಣವೆಂದರೆ ನಿಮಗೆ ಕಿವಿ ಕೇಳಿಸುವುದಿಲ್ಲ ಎಂದಳು. ಅದಕ್ಕೇ ಈ ಕಾಗದ.

ನಿಮ್ಮ ಅಳಿಯ


ಜನವರಿ ೨೯

ಅಳಿಯಂದಿರಿಗೆ,

ಕಾಗದ ತಲುಪಿತು. ಫೋನ್ ಬೇಡವೇ ಬೇಡ. ಜೀವಮಾನವಿಡೀ ಇಂಜಿನ್ ಪಕ್ಕ ನಿಂತು ಎರಡು ಕಿವಿಯೂ ಹೋಗಿವೆ. ಎದುರಿಗೆ ಇದ್ದರೆ ತುಟಿ ನೋಡಿ ತಿಳ್ಕೋತೀನಿ. ನನ್ನ ಅಕ್ಕನ ಕೈಗೆ ಫೋನ್ ಕೊಟ್ಟರೆ ನೀವು ಹೇಳಿದ್ದು ಅರ್ಧ, ಅವಳು ಸೇರಿಸಿದ್ದು ಅರ್ಧ.

ಕಾರಿನ ವಿಷಯ ಬಿಡಿಭಾಗದ ಅಂಗಡಿಯವನು ಹೇಳಿದ. ಆ ಇಂಜಿನ್ನಿಗೆ ಕಂಪನಿ ಕೊಟ್ಟ ಮ್ಯಾನಿಫೋಲ್ಡ್ ದಂಡ. ನನ್ನ ಹತ್ತಿರ ಅಚ್ಚು ಇತ್ತು. ಎರಕ ಹೊಯ್ದೆ, ಕಳಿಸಿದೆ. ಅದರಲ್ಲಿ ಬೇರೆ ಅರ್ಥ ಹುಡುಕೋದು ಬೇಡ.

ನಿಮ್ಮ ಹೆಂಡತಿಗೆ ಹೇಳಿ. ಗಾಳಿ ಸೋರದ ಹಾಗೆ ಸಂದಿಗೆ ಕೂರಿಸೋ ಗ್ಯಾಸ್ಕೆಟ್ ಒಣಗಿದ್ದ ಹಾಗೇ ಹಾಕಲಿ, ಅಂಟು ಬಳಿಯೋದು ಬೇಡ. ಉಳಿದಿದ್ದು ಅವಳಿಗೆ ಗೊತ್ತು.

ಎರಡು ಸಾಲು ಅವಳೇ ಬರೆದಿದ್ದರೆ ಬೆರಳೇನೂ ಸವೆಯುತ್ತಿರಲಿಲ್ಲ.

ಇಂತಿ
ಹುಡುಗಿಯ ತಂದೆ


ಫೆಬ್ರವರಿ ೧೦

ಮಾವನವರಿಗೆ ನಮಸ್ಕಾರಗಳು.

ಕೆಲಸ ಶುರು ಮಾಡಿದ್ದೇವೆ. ಬ್ಯಾಟರಿಯ ತಂತಿ ಬಿಚ್ಚಿದೆ. ಪೆಟ್ರೋಲ್ ಪೈಪಿನ ಒತ್ತಡ ಇಳಿಸಿದೆ. ರೇಡಿಯೇಟರಿನ ನೀರನ್ನು ಬಕೆಟ್ಟಿಗೆ ಬಿಟ್ಟೆ. ಸಣ್ಣ ದೊಡ್ಡ ರಬ್ಬರ್ ಪೈಪುಗಳು ಎಷ್ಟೊಂದಿವೆ! ಯಾವುದು ಎಲ್ಲಿಗೆ ಎಂದು ಮರೆಯದಿರಲು ಒಂದೊಂದಕ್ಕೂ ಒಂದೊಂದು ಬಣ್ಣದ ದಾರ ಕಟ್ಟಿದ್ದೇನೆ, ಕೂರುವ ಜಾಗಕ್ಕೂ ಅದೇ ಬಣ್ಣ. ಹಳೆಯ ಮ್ಯಾನಿಫೋಲ್ಡ್ ನಿನ್ನೆ ಕೈಗೆ ಬಂತು. ಈಗ ಇಂಜಿನ್ನಿನ ಪಕ್ಕದಲ್ಲಿ ನಾಲ್ಕು ಬಾಯಿ ತೆರೆದುಕೊಂಡಿವೆ.

ಕೆಲವು ವಿಷಯ ತಿಳಿಯಬೇಕಿತ್ತು. ಹಳೆಯ ಗ್ಯಾಸ್ಕೆಟ್ ಅಲ್ಲಲ್ಲಿ ಕಚ್ಚಿಕೊಂಡಿದೆ, ಅದನ್ನು ಚಾಕುವಿನಿಂದ ಕೆರೆಯಬಹುದೇ? ಹೊಸದನ್ನು ಕೂರಿಸುವಾಗ ಮೊದಲು ಯಾವ ಬೋಲ್ಟು ಬಿಗಿಯಬೇಕು?

ಇವಳು ಕಲಿಸುವ ಡ್ರೈವಿಂಗ್ ಸ್ಕೂಲಿನಲ್ಲಿ ಪಾಠದ ಮೇಲೆ ಪಾಠ, ಬಿಡುವೇ ಸಿಗುತ್ತಿಲ್ಲ. ಹಾಗಾಗಿ ನಾನೇ ಕೈ ಹಾಕಿದ್ದೇನೆ.

ನಿಮ್ಮ ಅಳಿಯ


ಫೆಬ್ರವರಿ ೧೭

ಅಳಿಯಂದಿರಿಗೆ,

ಈ ಕಾಗದ ಕೆಳಗಿಟ್ಟು ಮೊದಲು ಷೆಡ್ಡಿಗೆ ಹೋಗಿ. ಆ ನಾಲ್ಕು ಬಾಯಿಗೂ ಬಟ್ಟೆ ತುರುಕಿ. ಒಂದು ಸಣ್ಣ ವಾಷರ್ ಒಳಗೆ ಬಿದ್ದರೆ ಇಂಜಿನ್ ಕಥೆ ಮುಗೀತು. ಒಂದು ಬಾಯಿಗೆ ಒಂದೇ ಬಟ್ಟೆ. ಬಾಲ ಹೊರಗೆ ಕಾಣ್ತಿರಬೇಕು, ಇಲ್ಲದಿದ್ದರೆ ತೆಗೆಯೋದು ಮರೀತೀರಿ. ದರ್ಜಿ ಮನೆಯಲ್ಲಿ ಬಟ್ಟೆಗೇನು ಬರ?

ಹೋಗಿ ಬಂದಿರಾ? ಈಗ ಕೇಳಿ.

ಚಾಕು ಮುಟ್ಟಬೇಡಿ. ಅಲ್ಯೂಮಿನಿಯಂ ಅದು, ಬೆಣ್ಣೆ ಇದ್ದ ಹಾಗೆ, ಗೀರು ಬಿದ್ದರೆ ಜನ್ಮಕ್ಕೂ ಗಾಳಿ ಸೋರುತ್ತೆ. ಮರದ ಚಕ್ಕೆಯಲ್ಲಿ ಕೆರೀರಿ, ತಾಳ್ಮೆಯಿಂದ. ಬೋಲ್ಟಿನ ವಿಷಯ ಈಗ ಹೇಳೋದಿಲ್ಲ. ಯಾಕೆ ಅಂದರೆ ಅದನ್ನ ನನ್ನ ಮಗಳು ಕೇಳೋದೇ ಇಲ್ಲ. ಸ್ಕೂಲಿಗೆ ಹೋಗುವಾಗಲೇ ಅವಳಿಗೆ ಗೊತ್ತಿತ್ತು.

ಬಿಡುವಿಲ್ಲ ಅಂತೀರಿ. ಯಾರ ಕಿವಿಗೆ ಹೂವು ಇಡ್ತಿದ್ದೀರಿ? ತಟ್ಟೆ ಮುಂದಿಟ್ಟರೂ ಎದ್ದು ಇಂಜಿನ್ ಹತ್ತಿರ ಓಡ್ತಿದ್ದ ಹುಡುಗಿ ಅವಳು. ಸಿಟ್ಟು ಇಳಿದಿಲ್ಲ, ಅಪ್ಪ ಮಾಡಿದ್ದನ್ನ ಮುಟ್ಟೋದಿಲ್ಲ ಅಂತಿದ್ದರೆ ನೇರ ಹೇಳಲಿ. ಇಲ್ಲ, ಕಾರು ಜೋಡಿಸಿ ಮಾರೋ ಯೋಚನೆ ನಿಮ್ಮದಾಗಿದ್ದರೆ ಅದನ್ನೂ ನೇರ ಹೇಳಿ. ಎರಡರಲ್ಲಿ ಯಾವುದೇ ಆಗಿದ್ದರೂ ಪೆಟ್ಟಿಗೆ ವಾಪಸ್ ಕಳಿಸಿಬಿಡಿ.

ಇಂತಿ
ಹುಡುಗಿಯ ತಂದೆ


ಫೆಬ್ರವರಿ ೨೬

ಮಾವನವರಿಗೆ ನಮಸ್ಕಾರಗಳು.

ಮಾರುವ ಯೋಚನೆ ಕನಸಿನಲ್ಲೂ ಇಲ್ಲ. ಬಟ್ಟೆ ತುರುಕಿದ್ದೇನೆ. ನೂಲು ಬಿಡದ ಪಾಪ್ಲಿನ್, ನಾಲ್ಕಕ್ಕೂ ಅಂಚು ಮಡಚಿ ಹೊಲಿದು, ಕೆಂಪು ಬಾಲ ಇಟ್ಟಿದ್ದೇನೆ. ಅದನ್ನು ನೋಡಿ ಇವಳು "ಇಂಜಿನ್ನಿಗೆ ಕರವಸ್ತ್ರ ಹೊಲಿದ ಮೊದಲನೇ ಗಂಡಸು ನೀನೇ" ಅಂದಳು.

ಬಿಡುವಿಲ್ಲ ಎಂದು ಬರೆದದ್ದು ಸುಳ್ಳು. ಇವಳು ಡ್ರೈವಿಂಗ್ ಸ್ಕೂಲು ಬಿಟ್ಟು ಕೆಲವು ತಿಂಗಳಾಯಿತು. ಷೆಡ್ಡಿನಲ್ಲಿ ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿರುತ್ತಾಳೆ. ಭಾರ ಎತ್ತಬಾರದು, ಹೆಚ್ಚು ಹೊತ್ತು ನಿಲ್ಲಬಾರದು ಎಂದು ಡಾಕ್ಟರು ಹೇಳಿದ್ದಾರೆ. ಕೈ ನನ್ನದು, ಬಾಯಿ ಅವಳದು. ಬೋಲ್ಟಿನ ಕ್ರಮ ಅವಳಿಗೂ ಗೊತ್ತು, ಆದರೆ "ಅಪ್ಪನ ಲೆಕ್ಕಾಚಾರ ಬೇರೆ ಇರುತ್ತೆ, ಕೇಳು" ಅಂದವಳೂ ಅವಳೇ. ಸಿಟ್ಟಿದ್ದವರು ಹಾಗೆ ಹೇಳುತ್ತಾರೆಯೇ? ಇದಕ್ಕಿಂತ ಹೆಚ್ಚಿನದನ್ನು ಅವಳಾಗಿ ಹೇಳುವವರೆಗೆ ದಯವಿಟ್ಟು ಕೇಳಬೇಡಿ.

ಅವಳದೊಂದು ಪ್ರಶ್ನೆ ಇದೆ. ಅವಳು ಹೇಳಿದ ಹಾಗೇ ಬರೆಯುತ್ತೇನೆ: "ಅಪ್ಪ ಯಾವಾಗಲೂ ಮಾಡೋದಕ್ಕಿಂತ ಈ ಸಲ ಕೊಳವೆ ಗಿಡ್ಡ ಆಗಿವೆ. ಬೇಕಂತಲೇ ಮಾಡಿದ್ದಾ, ಇಲ್ಲ ಎರಕದಲ್ಲಿ ಸಾಲಲಿಲ್ಲವಾ?"

ನಿಮ್ಮ ಅಳಿಯ


ಮಾರ್ಚ್ ೫

ಅಳಿಯಂದಿರೇ,

ನೀವು ಕೇಳಬೇಡಿ ಅಂದರೂ ನನಗೆ ಗೊತ್ತಾಗಿಹೋಯ್ತು! ಕಾಗದ ಓದಿ ಅಕ್ಕನ ಮುಂದಿಟ್ಟೆ. ಅವಳು ಕನ್ನಡಕ ಏರಿಸಿ, "ಕೆಲಸ ಬಿಟ್ಟಿದ್ದಾಳೆ, ಭಾರ ಎತ್ತೋ ಹಾಗಿಲ್ಲ, ನಿಲ್ಲೋ ಹಾಗಿಲ್ಲ, ಡಾಕ್ಟರು ಹೇಳಿದ್ದಾರೆ, ಅವಳಾಗೇ ಹೇಳಲಿ ಅಂತಾನೆ. ಇನ್ನೂ ಅರ್ಥ ಆಗಲಿಲ್ವೇನೋ ಪೆದ್ದ? ನೀನು ತಾತ ಆಗ್ತಿದ್ದೀಯ" ಅಂದಳು.

ಗುಟ್ಟು ಬಿಟ್ಟುಕೊಟ್ಟಿರಿ ಅಂತ ಅವಳು ನಿಮ್ಮನ್ನ ಬೈದರೆ, ಅತ್ತೆ ಕಂಡುಹಿಡಿದಳು ಅಂತ ಹೇಳಿ. ಹೆರಿಗೆ ಹೊತ್ತಿಗೆ ತಾನೇ ಬಂದು ನಿಲ್ತೀನಿ ಅಂತ ಅಕ್ಕ ಈಗಲೇ ಪೆಟ್ಟಿಗೆ ಕೆಳಗಿಳಿಸಿದ್ದಾಳೆ. ಸುಮ್ಮನೆ ಕೂರೋಕಾಗದೆ ಒಂದು ಸ್ವೆಟರ್ ಹೆಣೆದಿದ್ದಾಳೆ, ಇದರ ಜೊತೆಗೇ ಬರ್ತಿದೆ. ಗುಂಡಿ ನಾನು ಆರಿಸಿದ್ದು. ಹೊಲಿಗೆ ಸರಿಯಿಲ್ಲ ಅಂತ ನಿಮ್ಮ ಕಣ್ಣಿಗೆ ಕಂಡರೂ ಬಾಯಿ ಬಿಡಬೇಡಿ.

ಕೊಳವೆ ಗಿಡ್ಡ ಮಾಡಿದ್ದು ಬೇಕಂತಲೇ. ಕೊಳವೆ ಉದ್ದ ಇದ್ದರೆ ಇಂಜಿನ್ ಮೆಲ್ಲಗೆ ಹೋಗುವಾಗಲೂ ಚೆನ್ನಾಗಿ ಎಳೆಯುತ್ತೆ. ಗಿಡ್ಡ ಇದ್ದರೆ ಕೆಳಗೆ ಸೋಮಾರಿ, ಆದರೆ ಆಕ್ಸಿಲರೇಟರಿನಿಂದ ಕಾಲು ಎತ್ತದೆ ಒತ್ತಿ ಹಿಡಿದರೆ ಮೇಲೆ ಮೇಲೆ ಹುಲಿ ಆಗುತ್ತೆ. ನನ್ನ ಮಗಳು ಯಾವತ್ತೂ ಕಾಲು ಎತ್ತಿದವಳಲ್ಲ. ಅದು ಅವಳ ಅಳತೆಗೇ ಮಾಡಿದ್ದು, ಬೇರೆ ಯಾರಿಗೂ ಸರಿಹೋಗಲ್ಲ. ಈಗ ಒಂದು ವರ್ಷ ಕಾಯಲಿ, ಕಬ್ಬಿಣ ಎಲ್ಲೂ ಓಡಿಹೋಗಲ್ಲ.

ಬೋಲ್ಟಿನ ಕ್ರಮ: ಮೊದಲು ಎಲ್ಲವನ್ನೂ ಕೈಯಲ್ಲೇ ತಿರುಗಿಸಿ ಕೂರಿಸಿ. ಆಮೇಲೆ ನಡುವಿನಿಂದ ಶುರು ಮಾಡಿ ಎಡಕ್ಕೊಂದು ಬಲಕ್ಕೊಂದು ಅಂತ ಹೊರಗೆ ಹೋಗಿ. ಒಂದೇ ಸುತ್ತಿನಲ್ಲಿ ಪೂರಾ ಬಿಗಿಯಬೇಡಿ, ಸುತ್ತು ಸುತ್ತಿಗೂ ಸ್ವಲ್ಪ ಸ್ವಲ್ಪ. ಕೊನೇ ಸುತ್ತಿಗೆ ಬಿಗಿತ ಅಳೆಯೋ ಟಾರ್ಕ್ ರೆಂಚ್.

ಅವಳಿಗೆ ಹೇಳಿ, ಷೆಡ್ಡಿನಲ್ಲಿ ಪೆಟ್ರೋಲ್ ವಾಸನೆ ಕುಡೀತಾ ಕೂರೋದು ಈಗ ಒಳ್ಳೇದಲ್ಲ ಅಂತ.

ಮಾವ


ಮಾರ್ಚ್ ೧೫

ಮಾವನವರಿಗೆ,

ಈ ಕಾಗದ ಹೇಗೆ ಬರೆಯಬೇಕೋ ಗೊತ್ತಾಗುತ್ತಿಲ್ಲ. ತಪ್ಪು ತಿಳಿಯುವ ಹಾಗೆ ಬರೆದವನು ನಾನೇ.

ಇವಳು ಬಸುರಿಯಲ್ಲ.

ಹೋದ ವರ್ಷ ಡ್ರೈವಿಂಗ್ ಸ್ಕೂಲಿನಲ್ಲಿ ಕೀಲಿಕೈ ಪದೇ ಪದೇ ಕೈ ಜಾರಿ ಬೀಳತೊಡಗಿತು. ಬೆರಳಿಗೆ ಸುಸ್ತು ಎಂದುಕೊಂಡೆವು. ಆಮೇಲೆ ಬಲಗಾಲು ಎಳೆಯಿತು. ನರಗಳ ಡಾಕ್ಟರು ಪರೀಕ್ಷೆಯ ಮೇಲೆ ಪರೀಕ್ಷೆ ಮಾಡಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತಾ ಹೋಗುವ ಕಾಯಿಲೆಯಂತೆ. ಹಿಂದಕ್ಕೆ ತಿರುಗಿಸುವ ಔಷಧಿ ಇಲ್ಲವಂತೆ. ಕೈ, ಕಾಲು, ಆಮೇಲೆ ಮಾತು, ಆಮೇಲೆ ಉಸಿರು. ಬೇರೆ ಇಬ್ಬರು ಡಾಕ್ಟರುಗಳನ್ನು ಕಂಡು ಬಂದೆವು. ಅವರೂ ಅದನ್ನೇ ಅಂದರು.

ಇವಳು ನನ್ನಿಂದ ಒಂದೇ ಮಾತು ತೆಗೆದುಕೊಂಡಿದ್ದಳು, "ಅಪ್ಪನಿಗೆ ಹೇಳಬಾರದು" ಎಂದು. ನಿಮ್ಮ ಮೇಲಿನ ಕೋಪಕ್ಕಲ್ಲ. "ಕನಿಕರಕ್ಕೆ ಮಾತಾಡಿಸೋದಾದರೆ ನನಗೆ ಅಪ್ಪ ಬೇಡ" ಅಂದಿದ್ದಳು. ಅಷ್ಟರಲ್ಲಿ, ಏನೂ ಗೊತ್ತಿಲ್ಲದೆಯೇ, ನಿಮ್ಮ ಪೆಟ್ಟಿಗೆ ಬಂತು. ಆವತ್ತು ಇವಳು ಮ್ಯಾನಿಫೋಲ್ಡನ್ನು ತೊಡೆಯ ಮೇಲೆ ಇರಿಸಿಕೊಂಡು ಬಹಳ ಹೊತ್ತು ಕೂತಿದ್ದಳು. ಎತ್ತಿ ಕೊಟ್ಟವನು ನಾನು.

ಸ್ವೆಟರ್ ಬಂದಾಗ ನಾನು ಅಂಗಡಿಯಲ್ಲಿದ್ದೆ. ಮನೆಗೆ ಬಂದು ನೋಡಿದರೆ ಮೇಜಿನ ಮೇಲೆ ನಿಮ್ಮ ಕಾಗದ ಬಿಚ್ಚಿತ್ತು. ಸ್ವೆಟರ್ ಅವಳ ಮಡಿಲಲ್ಲಿತ್ತು. ಅದರ ಮೇಲಿನ ಗುಂಡಿ ಹಾಕಲು ನೋಡುತ್ತಿದ್ದಳು. ಬೆರಳು ನಿಲ್ಲುತ್ತಿರಲಿಲ್ಲ. ನಾನು ಹಾಕಿಕೊಡಲು ಹೋದರೆ ಕೈ ಸರಿಸಿದಳು. ಇನ್ನೊಂದು ಸಲ, ಮತ್ತೊಂದು ಸಲ ನೋಡಿದಳು. ಕೊನೆಗೆ ಅದನ್ನು ಮಡಚಿ ಪಕ್ಕಕ್ಕಿಟ್ಟು, "ಬರೆದುಬಿಡು. ಅವರು ಇಬ್ಬರೂ ಅಲ್ಲಿ ಖುಷಿಯಾಗಿ ಕೂತಿರೋದನ್ನ ನೆನೆಸಿಕೊಂಡರೆ ತಡೆಯೋಕಾಗಲ್ಲ" ಅಂದಳು.

ಹೊಲಿಗೆ ಚೆನ್ನಾಗಿದೆ ಎಂದು ಅತ್ತೆಯವರಿಗೆ ಹೇಳಿ.

ನಿಮ್ಮ ಅಳಿಯ


ಏಪ್ರಿಲ್ ೨೮

ಮಾವನವರಿಗೆ ನಮಸ್ಕಾರಗಳು.

ನಿಮ್ಮಿಂದ ಒಂದು ಸಾಲೂ ಬರಲಿಲ್ಲ. ನಡುವೆ ನಾನು ಬರೆದ ಎರಡು ಕಾರ್ಡುಗಳೂ ತಲುಪಿದವೋ ಇಲ್ಲವೋ. ಅಂಚೆಯವನು ಗೇಟಿನ ಮುಂದೆ ಹಾದುಹೋಗುವುದನ್ನು ಇವಳು ಕಿಟಕಿಯಿಂದ ನೋಡುತ್ತಾಳೆ, ನಾನು ನೋಡಿದರೆ ಬೇರೆ ಕಡೆ ಮುಖ ತಿರುಗಿಸುತ್ತಾಳೆ. "ಅಪ್ಪ ಹಾಗೇ. ಇಂಜಿನ್ ಒಡೆದರೂ ಮಾತು ನಿಲ್ಲಿಸ್ತಾನೆ, ಮಗಳು ಒಡೆದರೂ ಮಾತು ನಿಲ್ಲಿಸ್ತಾನೆ" ಎಂದು ಒಂದು ದಿನ ಅಂದಳು. ನಿಮಗೆ ನೋವಾಗಲಿ ಎಂದು ಇದನ್ನು ಬರೆಯುತ್ತಿಲ್ಲ. ಇಲ್ಲ, ಬಹುಶಃ ಅದಕ್ಕೇ ಬರೆಯುತ್ತಿದ್ದೇನೆ.

ನೀವು ಹೇಳಿದ ಕ್ರಮದಲ್ಲೇ ಮ್ಯಾನಿಫೋಲ್ಡ್ ಕೂರಿಸಿದೆವು. ನಾವು ಕಾಲರ್ ಹಚ್ಚುವುದೂ ಹಾಗೆಯೇ, ನಡುಗತ್ತಿನಲ್ಲಿ ಮೊದಲು ಪಿನ್ನು, ಆಮೇಲೆ ಆಚೆ ಈಚೆ. ಕರವಸ್ತ್ರಗಳನ್ನು ತೆಗೆಯುವಾಗ ಇವಳು ನಾಲ್ಕನ್ನೂ ತನ್ನ ಮಡಿಲಿಗೆ ಹಾಕಿಸಿಕೊಂಡು ಎಣಿಸಿದಳು. ಸೋಮವಾರ ಇಂಜಿನ್ ಶುರು ಮಾಡಿದೆವು.

ಶುರುವಾಯಿತು. ಆದರೆ ಒಂದೇ ಸಮ ಓಡುವುದಿಲ್ಲ. ಸದ್ದು ಏರುತ್ತದೆ, ಇಳಿಯುತ್ತದೆ, ಆರಿಹೋಗುತ್ತದೇನೋ ಅನ್ನುವಷ್ಟರಲ್ಲಿ ಮತ್ತೆ ಏರುತ್ತದೆ. ಎಲ್ಲೋ ಗಾಳಿ ಎಳೆದುಕೊಳ್ಳುತ್ತಿದೆ. ಇವಳು ಕಣ್ಣು ಮುಚ್ಚಿ ಕೇಳಿ, "ಅಪ್ಪನಿಗೆ ಹೀಗೆ ಬರಿ, ಸುಯ್ ಅಂತ ಒಂದೇ ಸಮ ಅಲ್ಲ. ಚಿಸ್, ಚಿಸ್, ಚಿಸ್ ಅಂತ ತಾಳ ಹಿಡಿದ ಹಾಗೆ ಬರುತ್ತೆ. ಮೂರನೇ ಕೊಳವೆಯ ಕಡೆ" ಅಂದಳು. ಬಾನೆಟ್ಟಿನವರೆಗೆ ಬಗ್ಗಿ ನೋಡಲು ಇವಳಿಂದಾಗುವುದಿಲ್ಲ. ನನಗೆ ಸದ್ದುಗಳ ವ್ಯತ್ಯಾಸ ತಿಳಿಯುವುದಿಲ್ಲ.

ಬೇರೆ ಯಾವುದಕ್ಕೂ ಉತ್ತರ ಬರೆಯಲು ಆಗದಿದ್ದರೆ ಇದಕ್ಕಾದರೂ ಬರೆಯಿರಿ.

ನಿಮ್ಮ ಅಳಿಯ


ಮೇ ೬

ಮಗು,

ಇನ್ನು ನಿನ್ನನ್ನ ನೀವು ಅನ್ನೋಕೆ ನನ್ನ ಕೈಲಾಗಲ್ಲ.

ನಿನ್ನ ಮಾರ್ಚ್ ತಿಂಗಳ ಕಾಗದ ಓದಿದ ದಿನವೇ ಚೀಲ ತಗೊಂಡು ಸ್ಟೇಷನ್ನಿಗೆ ಹೋದೆ. ಬೆಂಚಿನ ಮೇಲೆ ಕೂತೆ. ರೈಲು ಬಂತು, ನಿಂತಿತು, ಹೋಯ್ತು. ಏಳೋಕಾಗಲಿಲ್ಲ. ಬರಿಗೈಯಲ್ಲಿ ಅವಳ ಮುಂದೆ ಹೋಗಿ ನಿಂತು ಏನು ಮಾಡಲಿ? ನನಗೆ ಬರೋದು ಒಂದೇ ಕೆಲಸ. ಮನೆಗೆ ಬಂದು ಷೆಡ್ ಬಾಗಿಲು ತೆಗೆದೆ.

ಹೊಸ ಅಚ್ಚು ಮಾಡಿದೆ. ಉದ್ದ ಕೊಳವೆಯದ್ದು. ಕಾಲು ಹಗುರವಾಗಿ ಇಟ್ಟರೂ ಸಾಕು, ಗಾಡಿ ಮಗುವಿನ ಕೈ ಹಿಡಿದು ನಡೆಸಿದ ಹಾಗೆ ಹೋಗಬೇಕು, ಹಾಗೆ. ಮೊದಲನೇ ಎರಕ ಕೆಟ್ಟಿತು. ಎರಡನೆಯದೂ ಕೆಟ್ಟಿತು. ಇಷ್ಟು ವರ್ಷದಲ್ಲಿ ಸಾಲಾಗಿ ಎರಡು ಎರಕ ಕೆಡಿಸಿದವನಲ್ಲ ನಾನು. ಮೂರನೆಯದು ಬಂದಿದೆ, ಉಜ್ಜೋದು ಉಳಿದಿದೆ. ಮುಗಿಸಿ ತಗೊಂಡೇ ಬರೋಣ, ಆಮೇಲೆ ಮಾತಾಡೋಣ ಅಂತ ಕಾಗದ ಬರೀಲಿಲ್ಲ. ಅವಳು ಕಿಟಕಿಯಲ್ಲಿ ಅಂಚೆಯವನನ್ನ ನೋಡ್ತಾ ಕೂತಿರ್ತಾಳೆ ಅಂತ ನನಗೇನು ಗೊತ್ತು.

ಅಕ್ಕ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ನಾನು ಹೋಗಲಿಲ್ಲ ಅಂತ.

ಈಗ ಕೇಳು. ಕಿಡಿ ಹೇಳಿದ್ದು ಸರಿ. ಅವಳನ್ನ ಚಿಕ್ಕಂದಿನಿಂದ ಹಾಗೇ ಕರೆಯೋದು, ನಿನಗೆ ಹೇಳಿದ್ದಾಳೋ ಇಲ್ಲವೋ. ಒಂದೇ ಸಮ ಸುಯ್ ಅಂದರೆ ಪೈಪಿನ ತಪ್ಪು. ತಾಳ ಹಿಡಿದು ಚಿಸ್ ಚಿಸ್ ಅಂದರೆ ಒಂದು ಸಿಲಿಂಡರಿನ ಗ್ಯಾಸ್ಕೆಟ್. ಇಸ್ತ್ರಿ ಮಾಡುವಾಗ ನೀರು ಚಿಮುಕಿಸೋ ಬಾಟಲಿ ನಿನ್ನ ಹತ್ತಿರ ಇರುತ್ತಲ್ಲ. ಇಂಜಿನ್ ಓಡ್ತಿರುವಾಗ ಮೂರನೇ ಕೊಳವೆಯ ಸಂದಿಗೆ ಸಣ್ಣಗೆ ನೀರು ಹಾರಿಸು. ವೈರುಗಳ ಮೇಲೆ ಬೀಳಬಾರದು. ನೀರು ಬಿದ್ದ ಕೂಡಲೇ ಸದ್ದು ಬದಲಾದರೆ ಸೋರೋದು ಅಲ್ಲೇ. ಬಿಚ್ಚು, ನೋಡು.

ನಾನು ಅವಳಿಗೆ ಕಿವಿ ಇಲ್ಲ ಅಂದಿದ್ದೆ. ಇಷ್ಟು ದೂರದಿಂದ ಅವಳ ಒಂದು ಮಾತಿನಲ್ಲಿ ನನಗೆ ಇಂಜಿನ್ ಕೇಳಿಸ್ತು. ಇದನ್ನ ಅವಳಿಗೆ ಓದಿ ಹೇಳು. ಬೇಡ, ಕಾಗದ ಅವಳ ಮುಂದೆ ಇಡು, ಅವಳೇ ಓದಲಿ.

ಈಗ ಹಾಕಿರೋದನ್ನ ಪೂರಾ ತೆಗೆದಿಡಿ. ಹೊಸದು ತರ್ತೀನಿ.

ಮಾವ


ಮೇ ೧೬

ಮಾವನವರಿಗೆ ನಮಸ್ಕಾರಗಳು.

ಸೋರುವ ಜಾಗ ಸಿಕ್ಕಿತು. ತಪ್ಪು ನನ್ನದೇ. ನೀರು ಹಾರಿಸಿದ ತಕ್ಷಣ ಸದ್ದು ಬದಲಾಯಿತು. ಬಿಚ್ಚಿ ನೋಡಿದರೆ ಗ್ಯಾಸ್ಕೆಟ್ಟಿನ ಅಡಿಯಲ್ಲಿ ಹಸಿರು ದಾರದ ತುಣುಕು. ಗುರುತಿಗೆಂದು ನಾನೇ ಪೈಪಿಗೆ ಕಟ್ಟಿದ್ದು! ಇವಳು ನಕ್ಕಳು. ನಕ್ಕೂ ನಕ್ಕೂ ಉಸಿರು ಸಿಕ್ಕಿಕೊಂಡು ನನಗೆ ಭಯವಾಗುವಷ್ಟು ನಕ್ಕಳು. "ನಾಲ್ಕು ತೋಳಿನ ಅಂಗಿ ಅಂದೆ, ಹೊಲಿದೇಬಿಟ್ಟೆ" ಅಂದಳು. ಈ ಮನೆಯಲ್ಲಿ ಆ ನಗು ಕೇಳಿ ಬಹಳ ಕಾಲವಾಗಿತ್ತು. ಹೊಸ ಗ್ಯಾಸ್ಕೆಟ್ ಹಾಕಿದೆ. ಈಗ ಇಂಜಿನ್ ಒಂದೇ ಸಮ ಓಡುತ್ತದೆ.

ನಿಮ್ಮ ಕಾಗದವನ್ನು ಅವಳ ಮುಂದಿಟ್ಟು ನಾನು ಅಂಗಡಿಗೆ ಹೋದೆ. ಸಂಜೆ ಬಂದಾಗಲೂ ಅದು ಅವಳ ಕೈಯಲ್ಲೇ ಇತ್ತು. ಕಣ್ಣು ಕೆಂಪಾಗಿತ್ತು. ಆದರೆ ಉದ್ದ ಕೊಳವೆಯ ವಿಷಯಕ್ಕೆ ಮಾತ್ರ ಒಪ್ಪಲಿಲ್ಲ. ಅವಳ ಮಾತು ಈಗ ಸ್ವಲ್ಪ ತೊದಲುತ್ತದೆ, ಕೆಲವು ಅಕ್ಷರ ಜಾರುತ್ತವೆ. ಆದರೂ ಇದನ್ನು ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಳು:

"ನನ್ನ ಕಾಯಿಲೆಯ ಅಳತೆಗೆ ಮಾಡಬೇಡ ಅಂತ ಅಪ್ಪನಿಗೆ ಬರಿ. ನನ್ನ ಅಳತೆಗೆ ಮಾಡಿದ್ದು ಈಗಾಗಲೇ 
ಇದೆ. ಒತ್ತೋ ಕಾಲು ನನ್ನ ಹತ್ತಿರ ಇಲ್ಲ, ಅಷ್ಟೇ. ಅಪ್ಪನ ಹತ್ತಿರ ಇದೆಯಲ್ಲ. ಅವನೇ ಬಂದು ಓಡಿಸಲಿ. ನಾನು ಪಕ್ಕದಲ್ಲಿ ಕೂರ್ತೀನಿ."

ಊರಾಚೆ ಕಲ್ಲಿನ ಕ್ವಾರಿ ಇತ್ತು, ಮುಚ್ಚಿ ಎಷ್ಟೋ ವರ್ಷವಾಗಿದೆ. ಅಲ್ಲಿಗೆ ಗುಡ್ಡ ಸುತ್ತಿ ಹತ್ತುವ ದಾರಿ ಖಾಲಿ ಬಿದ್ದಿದೆ. ಕ್ವಾರಿಯ ಕಾವಲುಗಾರ ನನ್ನ ಗಿರಾಕಿ. ಗೇಟು ತೆಗೆದುಕೊಡಲು ಒಪ್ಪಿದ್ದಾನೆ.

ಈ ಸಲ ಬೆಂಚಿನ ಮೇಲೆ ಕೂರಬೇಡಿ, ಮಾವ.

ನಿಮ್ಮ ಅಳಿಯ


ಜೂನ್ ೨೧

ಮಗು,

ನಿನ್ನೆ ಊರಿಗೆ ವಾಪಸ್ ಬಂದು ತಲುಪಿದೆ. ನಿಮ್ಮಲ್ಲಿಗೇ ಬಂದು ಇರೋಕೆ ಷೆಡ್ಡಿನ ಸಾಮಾನು ಕಟ್ಟುತ್ತಿದ್ದೇನೆ. ಅಕ್ಕ ನನಗಿಂತ ಮೊದಲೇ ತನ್ನ ಪೆಟ್ಟಿಗೆ ಕಟ್ಟಿ ಬಾಗಿಲಲ್ಲಿ ಇಟ್ಟಿದ್ದಾಳೆ. ನಿನ್ನ ಮನೆಯ ಮುಂದಿನ ಕೋಣೆ ಅವಳಿಗೆ ಸಾಕು. ನನಗೆ ಹಿತ್ತಲ ಷೆಡ್ಡೇ ಆದೀತು. ಬಚ್ಚಲಿನ ಬಾಗಿಲು ಎಷ್ಟು ಅಗಲ ಇದೆ ಅಳೆದು ಬರಿ. ಗಾಲಿ ಕುರ್ಚಿ ಅದರಲ್ಲಿ ನುಗ್ಗೋದಿಲ್ಲ ಅಂತ ನನ್ನ ಅಂದಾಜು. ಚೌಕಟ್ಟು ಕೀಳಬೇಕಾಗುತ್ತೆ.

ಅಲ್ಲಿದ್ದಾಗ ನಿನಗೆ ಒಂದು ವಿಷಯ ಹೇಳಬೇಕು ಅಂತ ದಿನಾ ಅಂದುಕೊಂಡೆ. ಬಾಯಿ ಬರಲಿಲ್ಲ. ಕಾಗದದಲ್ಲೇ ನಿನಗೂ ನನಗೂ ಅಭ್ಯಾಸ ಆಗಿಬಿಟ್ಟಿದೆ.

ಆವತ್ತು ಬೆಳಿಗ್ಗೆ ನೀನು ಕ್ವಾರಿ ಗೇಟಿನ ಹತ್ತಿರ ನಿಂತಿದ್ದೆ. ಅವಳಿಗೆ ಬೆಲ್ಟು ಹಾಕಿದವನು ನೀನು, ಕತ್ತಿನ ಹಿಂದೆ ದಿಂಬು ಇಟ್ಟವನು ನೀನು. ನಾವು ಹತ್ತಿ ಹೋಗಿದ್ದು, ತಡವಾಗಿ ಇಳಿದು ಬಂದಿದ್ದು ಇಷ್ಟೇ ನಿನಗೆ ಗೊತ್ತು. ಒಳಗೆ ಏನಾಯ್ತು ಅಂತ ನೀನು ಕೇಳಲಿಲ್ಲ. ಒಳ್ಳೆಯವನಪ್ಪ ನೀನು.

ಮೊದಲನೇ ತಿರುವಿನವರೆಗೆ ನಾನು ಮುದುಕನ ಹಾಗೆ ಓಡಿಸಿದೆ. ಸದ್ದು ಕೇಳಿಸದವನು ಗೇರು ಯಾವಾಗ ಬದಲಿಸೋದು? ಮೀಟರಿನ ಸೂಜಿ ನೋಡಿದರೆ ದಾರಿ ತಪ್ಪುತ್ತೆ, ದಾರಿ ನೋಡಿದರೆ ಸೂಜಿ ಕಾಣಲ್ಲ. ಆಗ ಕಿಡಿ ತನ್ನ ಕೈಯನ್ನ ಗೇರಿನ ಮೇಲಿದ್ದ ನನ್ನ ಕೈ ಮೇಲೆ ಇಟ್ಟಳು. ಇಟ್ಟಳು ಅಂದರೆ ಎತ್ತಿ ಬಿಟ್ಟಳು, ಅದು ಬಂದು ಬಿತ್ತು. ಒತ್ತೋ ಶಕ್ತಿ ಇಲ್ಲ. ಬದಲಿಸು ಅಂತ ಅನ್ನಿಸಿದಾಗ ಒಂದು ಬೆರಳು ಅಲುಗುತ್ತಿತ್ತು, ಅಷ್ಟೇ. ಅದೇ ಸಾಕಾಯ್ತು. ಅವಳು ಬೆರಳು ಆಡಿಸೋವರೆಗೂ ನಾನು ಕಾಲು ಎತ್ತಲಿಲ್ಲ. ಇನ್ನೇನು ಒಡೆಯುತ್ತೆ ಅಂತ ಅನ್ನಿಸುತ್ತಿದ್ದರೂ ಎತ್ತಲಿಲ್ಲ. ಇಂಜಿನ್ ಹುಲಿಯ ಹಾಗೆ ಮೇಲೆ ಹೋಯ್ತು ಮಗು. ಸೀಟಿನಲ್ಲಿ, ಬೆನ್ನಿನಲ್ಲಿ, ಹಲ್ಲಿನಲ್ಲಿ ನನಗದು ಗೊತ್ತಾಗುತ್ತಿತ್ತು.

ಎರಡನೇ ತಿರುವು ದಾಟಿದ ಮೇಲೆ ಅವಳು ಮಾತಾಡೋಕೆ ಶುರು ಮಾಡಿದಳು. ಕಣ್ಣಂಚಿನಲ್ಲಿ ಅವಳ ತುಟಿ ಆಡೋದು ಕಾಣ್ತಿತ್ತು. ದಾರಿ ಬಿಟ್ಟು ಅವಳ ಕಡೆ ತಿರುಗೋ ಹಾಗಿರಲಿಲ್ಲ. ತಿರುಗಿದ್ದರೂ ಈಗ ಅವಳ ತುಟಿ ಓದೋದು ನನಗೆ ಕಷ್ಟ, ಮೊದಲಿನ ಹಾಗೆ ಆಡೋದಿಲ್ಲ. ಕೇಳಿಸ್ತಿಲ್ಲ ಕಿಡಿ ಅಂತ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ನಿಲ್ಲಿಸಿಬಿಡ್ತಾಳೆ ಅನ್ನಿಸ್ತು. ಹೂಂ ಹೂಂ ಅಂತ ತಲೆ ಆಡಿಸಿದೆ. ಗುಡ್ಡದ ತಲೆ ಮುಟ್ಟೋವರೆಗೂ ಅವಳು ಮಾತಾಡಿದಳು, ನಾನು ತಲೆ ಆಡಿಸಿದೆ.

ಮೇಲೆ ಇಂಜಿನ್ ನಿಲ್ಲಿಸಿ ಅವಳ ಕಡೆ ತಿರುಗಿದೆ. ಮುಖ ಪೂರ್ತಿ ಒದ್ದೆ. ಕೈ ಎತ್ತಿ ಒರೆಸಿಕೊಳ್ಳೋಕಾಗದೆ ಹಾಗೇ ಬಿಟ್ಟಿದ್ದಳು. ನನ್ನ ಅಂಗಿಯ ತೋಳಿನಲ್ಲಿ ಒರೆಸಿದೆ. ಅವಳು ನಗುತ್ತಿದ್ದಳು. ಅಷ್ಟು ಹೊತ್ತಿಗೆ ಹೇಳಬೇಕಾಗಿದ್ದೆಲ್ಲ ಹೇಳಿ ಮುಗಿಸಿಯಾಗಿತ್ತು ಅಂತ ಕಾಣುತ್ತೆ. ಅದಕ್ಕೇ ನಾವು ಅಲ್ಲಿ ಸುಮ್ಮನೆ ಕೂತು, ತಡವಾಗಿ ಇಳಿದಿದ್ದು.

ಈಗ ನನಗೆ ನಿದ್ದೆ ಹತ್ತೋದಿಲ್ಲ. ಅವಳು ಏನು ಹೇಳಿದಳು? ಬೈದಳೋ, ಕ್ಷಮಿಸಿದಳೋ, ಇಂಜಿನ್ ವಿಷಯವೋ, ತೀರಿಹೋದ ಅವಳ ಅಮ್ಮನ ವಿಷಯವೋ, ಸಾಯೋ ವಿಷಯವೋ. ಎಲ್ಲದಕ್ಕೂ ಹೂಂ ಅಂದುಬಿಟ್ಟಿದ್ದೇನೆ. ನಾನೇ ಕೇಳಿದರೆ ಆವತ್ತು ಕೇಳಿಸಲಿಲ್ಲ ಅಂತ ಗೊತ್ತಾಗುತ್ತೆ, ಅವಳ ಮನಸ್ಸು ಮುರಿಯುತ್ತೆ. ನೀನು ಮೆಲ್ಲಗೆ ಕೇಳು. ಮಾತು ಇನ್ನೂ ಇರುವಾಗಲೇ ಕೇಳು. ಏನು ಹೇಳಿದಳೋ ಒಂದಕ್ಷರ ಬಿಡದೆ ಬರೆದು ಕಳಿಸು.

ಮಾವ


ಜೂನ್ ೩೦

ಮಾವನವರಿಗೆ ನಮಸ್ಕಾರಗಳು.

ಬಚ್ಚಲಿನ ಬಾಗಿಲು ಅಳೆದೆ. ನೀವು ಅಂದದ್ದು ಸರಿ, ಕುರ್ಚಿ ಹಿಡಿಸುವುದಿಲ್ಲ. ಅಳತೆ ಕಾಗದದ ಹಿಂದೆ ಬರೆದಿದ್ದೇನೆ. ಅತ್ತೆಯವರಿಗೆ ಮುಂದಿನ ಕೋಣೆ ಗುಡಿಸಿಟ್ಟಿದ್ದೇನೆ. ನಿಮಗೆ ಷೆಡ್ಡು ಕೊಡುವುದಿಲ್ಲ ಎಂದು ಇವಳು ಹೇಳಿದ್ದಾಳೆ, ನನ್ನ ಹೊಲಿಗೆ ಮಿಷಿನ್ನಿನ ಪಕ್ಕ ಮಂಚ ಹಾಕಿಸಿದ್ದಾಳೆ.

ನೀವು ಹೇಳಿದ್ದನ್ನು ಕೇಳಿದೆ. ಮೆಲ್ಲಗೆ ಕೇಳುವುದು ನನಗೆ ಬರಲಿಲ್ಲ. ಬೆಳಿಗ್ಗೆ ತಲೆ ಬಾಚುತ್ತಾ, "ಕ್ವಾರಿ ದಾರಿಯಲ್ಲಿ ಅಪ್ಪನಿಗೆ ಏನು ಹೇಳಿದೆ?" ಎಂದು ನೇರವಾಗಿ ಕೇಳಿಬಿಟ್ಟೆ. ಇವಳು ಕನ್ನಡಿಯಲ್ಲಿ ನನ್ನ ಮುಖ ನೋಡಿದಳು. "ಬರೆದು ಕೇಳಿದನಾ?" ಅಂದಳು. ನಾನು ಕೂದಲಿನ ಸಿಕ್ಕು ಬಿಡಿಸತೊಡಗಿದೆ.

"ಅಪ್ಪನಿಗೆ ಕೇಳಿಸಲ್ಲ ಅಂತ ಗೊತ್ತಿತ್ತು. ತಿರುಗಿ ನೋಡೋಕೂ ಆಗಲ್ಲ ಅಂತ ಗೊತ್ತಿತ್ತು. ಅದಕ್ಕೇ ಹೇಳಿದ್ದು. ಕೇಳಿಸೋ ಹಾಗಿದ್ದಿದ್ದರೆ ಒಂದು ಮಾತೂ ಹೊರಡ್ತಿರಲಿಲ್ಲ."

ಇಷ್ಟು ಹೇಳುವುದಕ್ಕೆ ಅವಳಿಗೆ ಬಹಳ ಹೊತ್ತು ಹಿಡಿಯಿತು. ನಾನು ಬಾಚಣಿಗೆ ಹಿಡಿದು ನಿಂತೇ ಇದ್ದೆ.

"ಹಾಗಾದರೆ ಏನಂತ ಬರೆಯಲಿ? ಅವರಿಗೆ ನಿದ್ದೆ ಹತ್ತುತ್ತಿಲ್ಲವಂತೆ" ಅಂದೆ.

ಯೋಚಿಸಿದಳು. ಆಮೇಲೆ, "ಅಪ್ಪ ತಲೆ ಆಡಿಸಿದ ಜಾಗಗಳೆಲ್ಲ ಸರಿಯಾಗೇ ಇದ್ದವು ಅಂತ ಬರಿ" ಅಂದಳು.

ನಿಮ್ಮ ಅಳಿಯ